ದೂರದಿಂದ ಕ್ಲಿನಿಕಲ್ ತರ್ಕ ಕಲಿಸುವುದು ಹೇಗೆ: ಹಾಸನ, ಚಿಕ್ಕಮಗಳೂರಿನ ಶಿಕ್ಷಕ ವೈದ್ಯರಿಗೆ ಸಮಗ್ರ ಮಾರ್ಗದರ್ಶಿ

ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ಸಕಲೇಶಪುರದ ಆಚೆಗಿನ ಒಂದು ಆಸ್ಪತ್ರೆಯಿಂದ ಇಂಟರ್ನ್ ಒಬ್ಬಳು ಮಾತನಾಡುತ್ತಿದ್ದಳು. "ಸರ್, ಐದು ದಿನದ ಜ್ವರ, ಪ್ಲೇಟ್‌ಲೆಟ್ ಕಡಿಮೆ ಇದೆ. ಏನು ಕೊಡಲಿ?" ನಾನು ಹೇಳಿದೆ, ಅವಳು ಬರೆದುಕೊಂಡಳು, ರೋಗಿ ಗುಣವಾದರು. ಮೂರು ವಾರ ಕಳೆದ ಮೇಲೆ ಮತ್ತೆ ಅದೇ ಫೋನ್, ಅದೇ ಪ್ರಶ್ನೆ. ರೋಗಿಗೆ ಚಿಕಿತ್ಸೆ ಸಿಕ್ಕಿತ್ತು, ಹುಡುಗಿಗೆ ಪಾಠ ಸಿಕ್ಕಿರಲಿಲ್ಲ. ತಪ್ಪು ನನ್ನದು. ನಾನು ಕೊಟ್ಟದ್ದು ಉತ್ತರವನ್ನು ಮಾತ್ರ; ಆ ಉತ್ತರಕ್ಕೆ ನಾನು ಹೇಗೆ ಬಂದೆ ಎನ್ನುವುದು ನನ್ನ ತಲೆಯಲ್ಲೇ ಉಳಿದಿತ್ತು.

ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಚಿಕ್ಕಮಗಳೂರಿನಲ್ಲೂ ಈಚೆಗೆ ಆಗಿದೆ. ಆದರೆ ಕಲಿಯುವವರು ಕಾಲೇಜಿನ ಕಟ್ಟಡದೊಳಗೇ ಇರುವುದಿಲ್ಲ. ಇಂಟರ್ನ್‌ಗಳು ತಾಲೂಕಿನಲ್ಲಿ, ಶುಶ್ರೂಷಾಧಿಕಾರಿಗಳು ಸಮುದಾಯ ಆರೋಗ್ಯ ಕೇಂದ್ರದಲ್ಲಿ, ಸಮುದಾಯ ಆರೋಗ್ಯ ಅಧಿಕಾರಿಗಳು ಹಳ್ಳಿಯ ಉಪಕೇಂದ್ರದಲ್ಲಿ ಇರುತ್ತಾರೆ. ಅವರಿಗೆ ಕ್ಲಿನಿಕಲ್ ತರ್ಕವನ್ನು, ಅಂದರೆ ರೋಗಿಯ ಮಾತಿನಿಂದ ರೋಗನಿರ್ಣಯದವರೆಗೆ ಹೆಜ್ಜೆ ಹೆಜ್ಜೆಯಾಗಿ ಯೋಚಿಸುವ ಬಗೆಯನ್ನು, ಫೋನು ಮತ್ತು ಸಂದೇಶಗಳ ಮೂಲಕವೇ ಕಲಿಸಬಹುದು. ಒಂದೇ ಷರತ್ತು: ಕೇಸನ್ನು ತುಂಡು ತುಂಡಾಗಿ ಕೊಡಬೇಕು ಮತ್ತು ಮುಂದಿನ ತುಂಡು ಸಿಗುವ ಮೊದಲು ಕಲಿಯುವವರು ತಮ್ಮ ಅಂದಾಜನ್ನು ಬರೆದು ಒಪ್ಪಿಸಬೇಕು. ಈ ಮಾರ್ಗದರ್ಶಿಯ ಉಳಿದೆಲ್ಲವೂ ಈ ಷರತ್ತನ್ನು ಹೇಗೆ ನಡೆಸುವುದು ಎಂಬುದರ ವಿವರ.

ಹೆಜ್ಜೆ 1: ಸಣ್ಣ ಗುಂಪು, ಹಗುರ ಸಾಧನ

ಆರರಿಂದ ಎಂಟು ಜನ ಸಾಕು. ಹದಿನೈದು ಜನರಾದರೆ ನಾಲ್ವರು ಬರೆಯುತ್ತಾರೆ, ಉಳಿದವರು ಓದುತ್ತಾರೆ. ಗುಂಪಿನಲ್ಲಿ ಇಂಟರ್ನ್‌ಗಳ ಜೊತೆ ಇಬ್ಬರು ಶುಶ್ರೂಷಾಧಿಕಾರಿಗಳು ಇರಲಿ ಎಂದು ನಾನು ಒತ್ತಾಯಿಸುತ್ತೇನೆ. ರೋಗಿಯನ್ನು ಮೊದಲು ಮುಟ್ಟುವವರು ಅವರು. ಉಸಿರಾಟದ ಎಣಿಕೆ ಏರಿದ್ದನ್ನು ಮೊದಲು ಕಾಣುವವರೂ ಅವರೇ.

ಮೊದಲ ವರ್ಷ ನಾನು ವಿಡಿಯೊ ತರಗತಿಗಳನ್ನು ನಡೆಸಿದೆ. ಆಷಾಢದ ಮಳೆ ಹಿಡಿದ ಮೇಲೆ ಮೂಡಿಗೆರೆ, ಶೃಂಗೇರಿ ಕಡೆ ಕರೆಂಟು ಹೋದರೆ ಟವರ್ ಕೂಡ ಹೋಗುತ್ತದೆ. ಕೊಪ್ಪದ ಹುಡುಗನೊಬ್ಬ ತರಗತಿಗೆಂದು ಕೊಡೆ ಹಿಡಿದು ಗುಡ್ಡ ಹತ್ತಿ ನಿಲ್ಲುತ್ತಿದ್ದ. ಅದು ಗೊತ್ತಾದ ದಿನ ವಿಡಿಯೊ ನಿಲ್ಲಿಸಿದೆ. ಬರಹದ ಸಂದೇಶ, ಒಂದು ನಿಮಿಷ ಮೀರದ ಧ್ವನಿ ಟಿಪ್ಪಣಿ, ವಾರಕ್ಕೊಮ್ಮೆ ನಲವತ್ತೈದು ನಿಮಿಷದ ಫೋನ್ ಸಭೆ, ಇಷ್ಟರಲ್ಲೇ ಕೆಲಸ ನಡೆಯುತ್ತದೆ. ನೆಟ್‌ವರ್ಕ್ ಸಿಕ್ಕಾಗ ಓದಿ, ಯೋಚಿಸಿ, ಮತ್ತೆ ಸಿಕ್ಕಾಗ ಉತ್ತರ ಕಳುಹಿಸಬಹುದು. ಈ ನಿಧಾನವನ್ನು ನಾನು ಕೊರತೆಯೆಂದು ತಿಳಿದಿದ್ದೆ. ವಾರ್ಡಿನ ರೌಂಡ್ಸ್‌ನಲ್ಲಿ ಯಾರಿಗೂ ಸಿಗದ ಯೋಚಿಸುವ ಸಮಯ ಇಲ್ಲಿ ಸಿಗುತ್ತಿದೆ ಎಂದು ಆಮೇಲೆ ತಿಳಿಯಿತು.

ಗುಂಪು ಶುರುವಾಗುವ ದಿನವೇ ಒಂದು ನಿಯಮವನ್ನು ಬರೆದು ಹಾಕಿ: ಎದುರಿಗೆ ರೋಗಿ ಇದ್ದು ಈಗಲೇ ತೀರ್ಮಾನ ಬೇಕಾದರೆ ಕರ್ತವ್ಯದಲ್ಲಿರುವ ವೈದ್ಯರಿಗೆ ನೇರವಾಗಿ ಫೋನ್ ಮಾಡಬೇಕು, ಈ ಗುಂಪಿಗೆ ಬರೆಯಬಾರದು. ರೋಗಿಯ ಕುರಿತ ದೂರ ಸಮಾಲೋಚನೆಗೆ ಇ-ಸಂಜೀವಿನಿಯಂಥ ವ್ಯವಸ್ಥೆಯಿದೆ, 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯಿದೆ. ಕಲಿಕೆಯ ಗುಂಪನ್ನು ಅದಕ್ಕೆ ಬದಲಿಯಾಗಿ ಬಳಸಿದರೆ ಒಂದಲ್ಲ ಒಂದು ದಿನ ರೋಗಿಯೊಬ್ಬರು ನೋಡದ ಸಂದೇಶವೊಂದಕ್ಕಾಗಿ ಕಾಯುತ್ತ ಮಲಗಿರುತ್ತಾರೆ.

ಹೆಜ್ಜೆ 2: ಕೇಸನ್ನು ನಮ್ಮ ನೆಲದಿಂದಲೇ ಆರಿಸಿ

ಪಠ್ಯಪುಸ್ತಕದ ಅಪರೂಪದ ರೋಗ ಬೇಡ. ಮಲೆನಾಡಿನ ಜ್ವರ, ತೋಟದಲ್ಲಿ ಹಾವು ಕಡಿತ, ಕೀಟನಾಶಕ ಸೇವನೆ, ಬಯಲುಸೀಮೆಯ ಅರಸೀಕೆರೆ, ಕಡೂರಿನಿಂದ ಬರುವ ಸಕ್ಕರೆ ಕಾಯಿಲೆಯ ಕಾಲು ಹುಣ್ಣು, ಗರ್ಭಿಣಿಯ ತಲೆನೋವು: ಇಷ್ಟರಲ್ಲೇ ಒಂದು ವರ್ಷದ ಪಾಠವಿದೆ. ಆರಿಸುವಾಗ ಒಂದನ್ನು ಗಮನಿಸಿ. ಒಂದೇ ಥರ ಕಾಣುವ, ಆದರೆ ಚಿಕಿತ್ಸೆ ಬೇರೆಯಾಗುವ ಎರಡು ಮೂರು ರೋಗಗಳು ಆ ಕೇಸಿನೊಳಗೆ ಇರಬೇಕು. ಇಲ್ಲವಾದರೆ ತರ್ಕಕ್ಕೆ ಕೆಲಸವೇ ಇಲ್ಲ.

ಗುರುತು ಮರೆಸುವ ಕೆಲಸವನ್ನು ಇಲ್ಲೇ ಮುಗಿಸಿ. ಹೆಸರು ತೆಗೆದರೆ ಸಾಲದು. "ಆ ಊರಿನ ಬಳಿಯ ಎಸ್ಟೇಟ್ ರೈಟರ್, ಎರಡು ವರ್ಷದ ಹಿಂದೆ ಬೈಪಾಸ್ ಆಗಿದೆ" ಎಂದು ಬರೆದರೆ ಆ ತಾಲೂಕಿನಲ್ಲಿ ಅರ್ಧ ಜನ ಗುರುತಿಸುತ್ತಾರೆ. ವಯಸ್ಸನ್ನು ಸ್ವಲ್ಪ ಬದಲಿಸಿ, ಊರನ್ನು ತೆಗೆಯಿರಿ, ಚಿತ್ರವಿದ್ದರೆ ಮುಖ, ಹಚ್ಚೆ, ಗೋಡೆಯ ಮೇಲಿನ ಆಸ್ಪತ್ರೆಯ ಫಲಕ ಯಾವುದೂ ಕಾಣದಂತೆ ಕತ್ತರಿಸಿ. ರೋಗಿಯ ಲಿಖಿತ ಒಪ್ಪಿಗೆ ಇಲ್ಲದ ಚಿತ್ರ ಬೇಡವೇ ಬೇಡ. ನಾನು ಸಾಮಾನ್ಯವಾಗಿ ಮೂರು ನಾಲ್ಕು ರೋಗಿಗಳನ್ನು ಸೇರಿಸಿ ಒಬ್ಬ ಕಲ್ಪಿತ ರೋಗಿಯನ್ನು ಕಟ್ಟುತ್ತೇನೆ.

ಹೆಜ್ಜೆ 3: ಕೇಸನ್ನು ತುಂಡರಿಸುವುದು

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ವಾರ್ಡಿನಲ್ಲಿ ವಿದ್ಯಾರ್ಥಿ ಇಡೀ ಕೇಸ್ ಶೀಟನ್ನು ಒಂದೇ ಉಸಿರಿನಲ್ಲಿ ಓದುತ್ತಾನೆ. ಕೊನೆಯ ಸಾಲಿನಲ್ಲಿ ರಕ್ತ ಪರೀಕ್ಷೆಯ ವರದಿ ಇರುತ್ತದೆ, ಅದನ್ನು ನೋಡಿ ಎಲ್ಲರೂ ಹಿಂದಕ್ಕೆ ತರ್ಕ ಹೆಣೆಯುತ್ತಾರೆ. ನಿಜವಾದ ರೋಗಿ ಹಾಗೆ ಬರುವುದಿಲ್ಲ. 1978ರಲ್ಲಿ ಆರ್ಥರ್ ಎಲ್‌ಸ್ಟೈನ್, ಲೀ ಶುಲ್ಮನ್, ಸಾರಾ ಸ್ಪ್ರಾಫ್ಕಾ ಪ್ರಕಟಿಸಿದ ಅಧ್ಯಯನ ತೋರಿಸಿದ್ದೂ ಇದನ್ನೇ. ವೈದ್ಯರು ರೋಗಿಯ ಮೊದಲ ಕೆಲವು ಮಾತುಗಳಲ್ಲೇ ನಾಲ್ಕೈದು ಸಾಧ್ಯತೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಆಮೇಲೆ ಕೇಳುವ ಪ್ರಶ್ನೆಗಳು ಆ ಸಾಧ್ಯತೆಗಳಿಂದಲೇ ಹುಟ್ಟುತ್ತವೆ. ಆದ್ದರಿಂದ ಮೊದಲ ತುಂಡಿನಲ್ಲೇ ಅಂದಾಜು ಕೇಳಬೇಕು.

ನಾನು ಪ್ರತಿ ವರ್ಷ ಬಳಸುವ ಒಂದು ಕೇಸನ್ನು ಪೂರ್ತಿಯಾಗಿ ಕೊಡುತ್ತೇನೆ.

ಸೋಮವಾರದ ತುಂಡು: "ಜನವರಿ ಎರಡನೇ ವಾರ. ಕೊಪ್ಪ ಕಡೆಯ ಕಾಫಿ ತೋಟದ ಲೈನ್ ಮನೆಯಲ್ಲಿರುವ 38 ವರ್ಷದ ಮಹಿಳೆ. ಐದು ದಿನದಿಂದ ಜ್ವರ, ತಲೆ ಸಿಡಿತ, ಮೈಕೈ ನೋವು." ಇಷ್ಟೇ. ಪ್ರಶ್ನೆ ಎರಡು: ನಿಮ್ಮ ಮೂರು ಸಾಧ್ಯತೆಗಳು ಯಾವುವು? ಒಂದೇ ಒಂದು ಪ್ರಶ್ನೆ ಕೇಳಲು ಅವಕಾಶವಿದ್ದರೆ ಏನು ಕೇಳುತ್ತೀರಿ, ಏಕೆ?

ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆ, ಟೈಫಾಯ್ಡ್ ಎಲ್ಲವೂ ಬರುತ್ತವೆ. ಎರಡನೇ ಪ್ರಶ್ನೆಗೆ ಬರುವ ಉತ್ತರವನ್ನು ಹೆಚ್ಚು ಗಮನಿಸಿ. "ಜ್ವರ ಎಷ್ಟಿದೆ?" ಎಂದು ಕೇಳುವವನಿಗೂ "ಕಾಡಿಗೆ ಹೋಗಿದ್ದಿರಾ, ಗದ್ದೆಯ ನೀರಿಗೆ ಇಳಿದಿದ್ದಿರಾ?" ಎಂದು ಕೇಳುವವಳಿಗೂ ಇರುವ ವ್ಯತ್ಯಾಸ ಆ ಒಂದು ಸಾಲಿನಲ್ಲೇ ಕಾಣುತ್ತದೆ. ಎರಡನೆಯವಳ ಪ್ರಶ್ನೆಗೆ ಬರುವ ಯಾವ ಉತ್ತರವಾದರೂ ಅವಳ ಪಟ್ಟಿಯನ್ನು ಬದಲಿಸುತ್ತದೆ.

ಬುಧವಾರದ ತುಂಡು: "ಕೊಟ್ಟಿಗೆಗೆ ಹಾಸಲು ಹತ್ತು ದಿನದ ಹಿಂದೆ ಕಾಡಂಚಿನಲ್ಲಿ ದರಗು ಗುಡಿಸಿ ತಂದಿದ್ದರು. ಗದ್ದೆ ಕೆಲಸ ಇಲ್ಲ. ಕೆಮ್ಮು ಸ್ವಲ್ಪ ಇದೆ. ಭೇದಿ ಇಲ್ಲ." ಇಷ್ಟು ಹೇಳಿದ ಕೂಡಲೇ ಗುಂಪಿಗೆ ಗುಂಪೇ ಮಂಗನ ಕಾಯಿಲೆಯ ಕಡೆ ವಾಲುತ್ತದೆ. ವಾಲಲು ಕಾರಣವೂ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಗೂ ಬಂದಿದೆ. ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಕಾಲ. ಹರಡುವುದು ಒಣ ಎಲೆಗಳ ನಡುವಿನ ಉಣುಗಿನಿಂದ. ಇಲ್ಲಿ ಎರಡು ಪ್ರಶ್ನೆ ಕೇಳಿ: ನಿಮ್ಮ ಪಟ್ಟಿಯ ಕ್ರಮ ಬದಲಾಯಿತೇ? ಈಗ ದೇಹ ಪರೀಕ್ಷೆಯಲ್ಲಿ ಎಲ್ಲಿ ನೋಡುತ್ತೀರಿ?

ಶುಕ್ರವಾರದ ತುಂಡು: "ನಾಡಿ 104, ರಕ್ತದೊತ್ತಡ 100/60, ಉಸಿರಾಟ ನಿಮಿಷಕ್ಕೆ 26. ಶುಶ್ರೂಷಾಧಿಕಾರಿ ಬಟ್ಟೆ ಬದಲಿಸುವಾಗ ಕಂಡದ್ದು: ಬಲ ಕಂಕುಳಲ್ಲಿ ಸಿಗರೇಟಿನಿಂದ ಸುಟ್ಟಂತಿರುವ ಒಂದು ಕಪ್ಪು ಹಕ್ಕಳೆ. ನೋವಿಲ್ಲ, ರೋಗಿಗೆ ಅದು ಗೊತ್ತೇ ಇರಲಿಲ್ಲ."

ಅದು ಎಸ್ಕಾರ್. ಸ್ಕ್ರಬ್ ಟೈಫಸ್‌ನ ಗುರುತು. ಚಿಗರ್ ಎಂಬ ಸಣ್ಣ ನುಸಿಯ ಮರಿ ಕಚ್ಚಿದ ಜಾಗ. ಕಂಕುಳು, ತೊಡೆಸಂದು, ಸೊಂಟದ ಪಟ್ಟಿ, ಸ್ತನದ ಕೆಳಗೆ ಎಂದು ಯಾರೂ ನೋಡದ ಕಡೆಯೇ ಅದು ಇರುತ್ತದೆ. ಮಂಗನ ಕಾಯಿಲೆಗೆ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇಲ್ಲ, ಆರೈಕೆಯೇ ಚಿಕಿತ್ಸೆ. ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್ ಇದೆ, ಅದು ಪ್ರಾಥಮಿಕ ಆರೋಗ್ಯ ಕೇಂದ್ರದ ಬೀರುವಿನಲ್ಲೇ ಇರುತ್ತದೆ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ ಹಿಡಿದು ಸಾವಿನವರೆಗೆ ಹೋಗಬಹುದಾದ ರೋಗ, ಬೇಗ ಕೊಟ್ಟರೆ ಒಂದೆರಡು ದಿನದಲ್ಲಿ ಜ್ವರ ಇಳಿಯುವ ರೋಗ. ಬುಧವಾರದಂದು ಪಟ್ಟಿಯಲ್ಲಿ ಮಂಗನ ಕಾಯಿಲೆಯೊಂದನ್ನೇ ಉಳಿಸಿಕೊಂಡವರು ಕಂಕುಳು ನೋಡುತ್ತಿರಲಿಲ್ಲ. ಅವರ ಬುಧವಾರದ ಸಂದೇಶ ಅಲ್ಲೇ ಇದೆ. ಅವರೇ ಅದನ್ನು ಮತ್ತೆ ಓದುತ್ತಾರೆ. ನಾನು ಒಂದು ಮಾತೂ ಸೇರಿಸಬೇಕಾಗುವುದಿಲ್ಲ.

ಕೇಸ್ ಬರೆಯುವವರಿಗೆ ಒಂದು ಸೂಚನೆ. ಪ್ರತಿ ತುಂಡಿನಲ್ಲೂ ದಿಕ್ಕು ಬದಲಿಸುವ ಒಂದು ಸಂಗತಿ ಇರಲಿ, ದಾರಿ ತಪ್ಪಿಸುವುದಕ್ಕೆಂದೇ ಸುಳ್ಳು ಸುಳಿವು ಇಡಬೇಡಿ. ದರಗು ಗುಡಿಸಿದ್ದು ಸುಳ್ಳು ಸುಳಿವಲ್ಲ. ಅದು ಎರಡೂ ರೋಗಕ್ಕೆ ಹೊಂದುತ್ತದೆ.

ಹೆಜ್ಜೆ 4: ಮೊದಲು ಖಾಸಗಿಯಾಗಿ, ನಂತರ ಬಹಿರಂಗವಾಗಿ

ಉತ್ತರಗಳು ನೇರವಾಗಿ ಗುಂಪಿಗೆ ಬರಬಾರದು. ಸೀನಿಯರ್ ಒಬ್ಬ "ಡೆಂಗಿ ಅನ್ನಿಸುತ್ತದೆ" ಎಂದು ಬರೆದ ಕ್ಷಣ ಉಳಿದವರ ಯೋಚನೆ ನಿಲ್ಲುತ್ತದೆ. ಎಲ್ಲರೂ ನಿಮಗೆ ವೈಯಕ್ತಿಕವಾಗಿ ಅಥವಾ ಆನ್‌ಲೈನ್ ಫಾರ್ಮ್ ಒಂದರಲ್ಲಿ ಕಳುಹಿಸಲಿ. ರಾತ್ರಿ ಎಂಟಕ್ಕೆ ಹೆಸರು ತೆಗೆದು ಎಲ್ಲವನ್ನೂ ಒಟ್ಟಿಗೆ ಗುಂಪಿಗೆ ಹಾಕಿ. ಉತ್ತರದ ಜೊತೆ ಎಷ್ಟು ಖಚಿತ ಎನ್ನುವುದನ್ನೂ ಹತ್ತಕ್ಕೆ ಇಷ್ಟು ಎಂದು ಬರೆಯಿಸಿ. ತಪ್ಪು ಉತ್ತರಕ್ಕೆ ಒಂಬತ್ತು ಅಂಕದ ಖಚಿತತೆ ಕೊಟ್ಟವರ ಜೊತೆ ಪ್ರತ್ಯೇಕವಾಗಿ ಮಾತನಾಡಬೇಕು. ಸರಿ ಉತ್ತರಕ್ಕೆ ಮೂರು ಕೊಟ್ಟವರ ಜೊತೆಯೂ.

ಹೆಜ್ಜೆ 5: ಒಂದು ವಾಕ್ಯದ ಸಾರ, ರೋಗಿಯ ಕನ್ನಡದಿಂದ

ರೋಗಿಯ ಮಾತನ್ನು ವೈದ್ಯಕೀಯ ಭಾಷೆಗೆ ತಿರುಗಿಸುವ ಕೆಲಸ ಕ್ಲಿನಿಕಲ್ ತರ್ಕದ ಹೃದಯಭಾಗ. ನಮ್ಮಲ್ಲಿ ಅದನ್ನು ಯಾರೂ ಕಲಿಸುವುದಿಲ್ಲ ಎಂಬುದು ನನ್ನ ಬಹುಕಾಲದ ಸಂಕಟ. ನೋಡಿ, ಈ "ಸಂಕಟ" ಎಂಬ ಮಾತನ್ನೇ ತೆಗೆದುಕೊಳ್ಳಿ. ಹಾಸನದ ಅಜ್ಜಿಯೊಬ್ಬರು "ಸಂಕಟ ಆಗುತ್ತದೆ" ಎಂದರೆ ಅದು ವಾಕರಿಕೆಯಾಗಿರಬಹುದು, ಎದೆಯ ಬಿಗಿತವಾಗಿರಬಹುದು, ಉಸಿರು ಸಾಲದಿರುವುದಾಗಿರಬಹುದು, ದುಃಖವೂ ಆಗಿರಬಹುದು. "ಗ್ಯಾಸ್ಟ್ರಿಕ್" ಎಂದು ರೋಗಿಯೇ ಹೆಸರಿಟ್ಟುಕೊಂಡು ಬರುತ್ತಾರೆ. ಅದನ್ನು ಹಾಗೆಯೇ ಕೇಸ್ ಶೀಟಿಗೆ ಇಳಿಸಿದರೆ ಹೃದಯಾಘಾತವೊಂದು ಆ ಪದದ ಕೆಳಗೆ ಮುಚ್ಚಿಹೋಗಬಹುದು. "ತಲೆ ತಿರುಗುತ್ತದೆ" ಎಂದವರಿಗೆ ಸುತ್ತಲಿನ ಗೋಡೆ ತಿರುಗುತ್ತದೆಯೋ ಎದ್ದು ನಿಂತಾಗ ಕಣ್ಣು ಕತ್ತಲಾಗುತ್ತದೆಯೋ ಎಂದು ಕೇಳಲೇಬೇಕು.

ಅಭ್ಯಾಸ ಹೀಗಿರಲಿ. ಮೊದಲ ಸಾಲಿನಲ್ಲಿ ರೋಗಿಯ ಮಾತು, ಹೇಳಿದ ಹಾಗೆಯೇ. ಎರಡನೇ ಸಾಲಿನಲ್ಲಿ ಅದನ್ನು ಸ್ಪಷ್ಟಪಡಿಸಲು ಕೇಳಿದ ಪ್ರಶ್ನೆ. ಮೂರನೇ ಸಾಲಿನಲ್ಲಿ ಒಂದು ವಾಕ್ಯದ ಸಾರ: ಯಾರು, ಯಾವ ಹಿನ್ನೆಲೆಯವರು, ಎಷ್ಟು ಕಾಲದಿಂದ, ಯಾವ ಸ್ವರೂಪದ ತೊಂದರೆ. ಸಾರದಲ್ಲಿ ಜೋಡಿ ಪದಗಳು ಬರಬೇಕು: ದಿಢೀರನೆ ಅಥವಾ ನಿಧಾನವಾಗಿ, ಒಂದು ಕಡೆ ಅಥವಾ ಎರಡೂ ಕಡೆ, ಬಿಟ್ಟು ಬಿಟ್ಟು ಅಥವಾ ಎಡೆಬಿಡದೆ. "ಮಂಡಿ ನೋಯುತ್ತದೆ" ಎಂಬ ಮಾತಿನಿಂದ ಏನೂ ಹೊಳೆಯುವುದಿಲ್ಲ. "ಮಧ್ಯವಯಸ್ಸಿನ ಗಂಡಸು, ರಾತ್ರೋರಾತ್ರಿ ಶುರುವಾದ, ಒಂದೇ ಕೀಲಿನ, ಹಿಂದೆಯೂ ಎರಡು ಸಲ ಬಂದು ಹೋದ ನೋವು" ಎಂದಾಗ ಗೌಟ್ (ಯೂರಿಕ್ ಆಮ್ಲ ಕೀಲಿನಲ್ಲಿ ಕೂತು ಬರುವ ಊತ) ತಾನಾಗಿ ನೆನಪಿಗೆ ಬರುತ್ತದೆ, ಜ್ವರವೂ ಇದ್ದರೆ ಕೀಲಿನ ಸೋಂಕನ್ನು ಮರೆಯಬಾರದು ಎಂಬ ಎಚ್ಚರವೂ ಬರುತ್ತದೆ.

ಹೆಜ್ಜೆ 6: ಶಿಕ್ಷಕರ ಮರುತ್ತರ

ಉತ್ತರ ಹೇಳಬೇಡಿ. 1992ರಲ್ಲಿ ಅಮೆರಿಕದ ಕುಟುಂಬ ವೈದ್ಯ ಶಿಕ್ಷಕರು ಪ್ರಕಟಿಸಿದ ಐದು ಸಣ್ಣ ಕೌಶಲಗಳ ಕ್ರಮವೊಂದಿದೆ, ಒಂದು ನಿಮಿಷದ ಶಿಕ್ಷಕ ಎಂದೇ ಅದಕ್ಕೆ ಹೆಸರು. ನಿಲುವು ಕೇಳಿ, ಆಧಾರ ಕೇಳಿ, ಒಂದು ಸಾಮಾನ್ಯ ನಿಯಮ ಹೇಳಿ, ಸರಿ ಮಾಡಿದ್ದನ್ನು ಹೆಸರಿಸಿ, ತಪ್ಪನ್ನು ತಿದ್ದಿ. ದೂರ ಶಿಕ್ಷಣಕ್ಕೆ ಇದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಐದೂ ಒಂದು ಧ್ವನಿ ಟಿಪ್ಪಣಿಯಲ್ಲಿ ಹಿಡಿಯುತ್ತವೆ.

"ಚೆನ್ನಾಗಿದೆ" ಎಂದಷ್ಟೇ ಹೇಳಿದರೆ ಪ್ರಯೋಜನವಿಲ್ಲ. "ಪ್ಲೇಟ್‌ಲೆಟ್ ಬರುವ ಮೊದಲೇ ಉಸಿರಾಟದ ಎಣಿಕೆ ಕೇಳಿದಿರಿ, ಅದು ಸರಿಯಾದ ಆದ್ಯತೆ" ಎಂದು ಹೇಳಿ. ತಪ್ಪನ್ನು ತಿದ್ದುವಾಗ ಗುಂಪಿನಲ್ಲಿ ಹೆಸರು ಎತ್ತಬೇಡಿ. ಬರಹದಲ್ಲಿ ದನಿ ಕೇಳಿಸುವುದಿಲ್ಲ. ನಾವು ಸೌಮ್ಯವಾಗಿ ಬರೆದದ್ದನ್ನೂ ದೂರದ ಕೇಂದ್ರದಲ್ಲಿ ಒಬ್ಬಳೇ ಕುಳಿತು ಓದುವವಳು ಗದರಿಕೆ ಎಂದುಕೊಳ್ಳಬಹುದು. ತಿದ್ದುವಿಕೆಯನ್ನು ನಾನು ಯಾವಾಗಲೂ ದನಿಯಲ್ಲೇ ಕಳುಹಿಸುತ್ತೇನೆ.

ಹೆಜ್ಜೆ 7: ವಾರದ ಫೋನ್ ಸಭೆ

ಕೇಸನ್ನು ಮತ್ತೆ ಓದಬೇಡಿ, ಎಲ್ಲರಿಗೂ ಗೊತ್ತಿದೆ. ಒಂದು ಸಂಗತಿಯನ್ನು ಬದಲಿಸಿ ಕೇಳಿ. ಅದೇ ಮಹಿಳೆ, ಆದರೆ ಇಡೀ ಮೈ ನೋಡಿದರೂ ಹಕ್ಕಳೆ ಇಲ್ಲ, ಬಿಳಿ ರಕ್ತಕಣ ಕಡಿಮೆ, ತೋಟದ ಅಂಚಿನಲ್ಲಿ ಕಳೆದ ವಾರ ಮಂಗವೊಂದು ಸತ್ತಿತ್ತು. ಈಗ? ಅದೇ ಮಹಿಳೆ, ಆದರೆ ಜುಲೈ ತಿಂಗಳು, ಗದ್ದೆ ನಾಟಿ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಈಗ? ಹೀಗೆ ತಿರುಗಿಸಿದಾಗ ರೋಗಗಳು ಬಿಡಿಬಿಡಿ ಪಟ್ಟಿಯಾಗಿ ಉಳಿಯದೆ, ಯಾರಿಗೆ ಯಾವಾಗ ಹೇಗೆ ಬರುತ್ತದೆ ಎಂಬ ಕಥೆಯಾಗಿ ಮನಸ್ಸಿನಲ್ಲಿ ನಿಲ್ಲುತ್ತವೆ. ಅನುಭವಿ ವೈದ್ಯರ ನೆನಪು ಇರುವುದೂ ಇಂಥ ಕಥೆಗಳಾಗಿಯೇ.

ಪ್ರತಿ ವಾರ ಒಂದು ಕೇಂದ್ರದವರು ಕೇಸ್ ತಂದು, ಎಲ್ಲರೂ ಸೇರಿ ಕಲಿಯುವ ಈ ಮಾದರಿಗೆ ದೊಡ್ಡ ಪರಂಪರೆಯೇ ಇದೆ. ಸಂಜೀವ್ ಅರೋರಾ ಅವರು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆರಂಭಿಸಿದ ಪ್ರಾಜೆಕ್ಟ್ ಎಕೋ ಇದೇ ದಾರಿಯದು; ಬೆಂಗಳೂರಿನ ನಿಮ್ಹಾನ್ಸ್ ಕೂಡ ಆ ಮಾದರಿಯಲ್ಲಿ ತರಬೇತಿ ನಡೆಸುತ್ತಿದೆ.

ಹೆಜ್ಜೆ 8: ಯೋಚನೆಯ ತಪ್ಪುಗಳಿಗೆ ಹೆಸರು ಕೊಡುವುದು

2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಒಂದರ ಮೇಲೊಂದು ಹೃದಯಾಘಾತದ ಸಾವುಗಳಾದ ಸುದ್ದಿ ರಾಜ್ಯವನ್ನೇ ತುಂಬಿತ್ತು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ನೇಮಿಸಿತು, ಹೆದರಿದ ಜನ ತಪಾಸಣೆಗೆಂದು ಮೈಸೂರಿನ ಆಸ್ಪತ್ರೆಯ ಮುಂದೆ ಸಾಲುಗಟ್ಟಿದರು. ಆ ವಾರಗಳಲ್ಲಿ ನಮ್ಮ ಗುಂಪಿಗೆ ಬಂದ ಉತ್ತರಗಳಲ್ಲಿ ಎದೆ ಎಂಬ ಪದವಿದ್ದ ಕಡೆಯೆಲ್ಲ ಮೊದಲ ಸಾಧ್ಯತೆ ಹೃದಯವೇ ಆಗಿತ್ತು. ಎದೆನೋವಿಗೆ ಇಸಿಜಿ ಮಾಡುವುದು ಸರಿಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನ್ಯುಮೋನಿಯಾ ಇದ್ದ ಯುವಕನ ಕೇಸಿನಲ್ಲಿ ಇಸಿಜಿ ಸಹಜ ಎಂದು ಕಂಡ ಮೇಲೂ ಯಾರೂ ಜ್ವರದ ಬಗ್ಗೆ ಕೇಳಲಿಲ್ಲ. ಈಚೆಗೆ ಕೇಳಿದ್ದು, ಕಂಡದ್ದು ಮೊದಲು ನೆನಪಾಗುವುದು ಮನಸ್ಸಿನ ಸ್ವಭಾವ. ಅದಕ್ಕೆ ಸುಲಭ ನೆನಪಿನ ಒಲವು ಎಂದು ನಾವು ಹೆಸರಿಟ್ಟೆವು. ಮೊದಲ ಅಂದಾಜಿನಲ್ಲೇ ಬಾಗಿಲು ಹಾಕಿಕೊಳ್ಳುವುದು ಅವಸರದ ಮುಕ್ತಾಯ. ಈ ಎರಡು ಹೆಸರು ಸಾಕು. ಉದ್ದ ಪಟ್ಟಿ ಬಾಯಿಪಾಠ ಮಾಡಿಸಿದರೆ ತಪ್ಪು ಕಡಿಮೆಯಾಗುವುದಿಲ್ಲ. ಆ ರೋಗದ ಬಗೆಗಿನ ಜ್ಞಾನವೇ ಕಡಿಮೆಯಿದ್ದರೆ ಯಾವ ಎಚ್ಚರಿಕೆಯೂ ಕಾಯುವುದಿಲ್ಲ.

ಹಾವಿನ ಕೇಸಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಕಾಫಿ ತೋಟದ ಎಲೆಯ ಕೆಳಗಿರುವ ಹಂಪ್‌ನೋಸ್ಡ್ ಪಿಟ್ ವೈಪರ್ ಕಚ್ಚಿದರೆ ಅದು ಕೆಲಸ ಮಾಡುವುದಿಲ್ಲ. ಈ ಒಂದು ಸಂಗತಿ ಗೊತ್ತಿಲ್ಲದವನು ರಕ್ತ ಹೆಪ್ಪುಗಟ್ಟದಿರುವುದನ್ನು ಕಂಡು ಬಾಟಲಿಯ ಮೇಲೆ ಬಾಟಲಿ ಪ್ರತಿವಿಷ ಕೊಡುತ್ತ ಹೋಗುತ್ತಾನೆ. ಅವನ ತರ್ಕದಲ್ಲಿ ದೋಷವಿಲ್ಲ, ಒಂದು ಮಾಹಿತಿ ಇಲ್ಲ, ಅಷ್ಟೇ.

ಹೆಜ್ಜೆ 9: ಅಳೆಯುವುದು

ಬಹು ಆಯ್ಕೆಯ ಪ್ರಶ್ನೆಗಳಿಂದ ನೆನಪು ಅಳೆಯಬಹುದು. ತರ್ಕ ಅಳೆಯಲು ಮಾಂಟ್ರಿಯಲ್‌ನ ಬರ್ನಾರ್ ಶಾರ್ಲಿನ್ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದ ಸ್ಕ್ರಿಪ್ಟ್ ಕನ್ಕಾರ್ಡೆನ್ಸ್ ಪರೀಕ್ಷೆಯ ಮಾದರಿ ಹೊಂದುತ್ತದೆ. ಒಂದು ಉದಾಹರಣೆ: "ಐದು ದಿನದ ಜ್ವರ, ನೀವು ಸ್ಕ್ರಬ್ ಟೈಫಸ್ ಎಂದುಕೊಂಡಿದ್ದೀರಿ. ಇಡೀ ಮೈ ಪರೀಕ್ಷಿಸಿದರೂ ಎಸ್ಕಾರ್ ಸಿಗಲಿಲ್ಲ. ನಿಮ್ಮ ಅಂದಾಜು ಎತ್ತ ಹೋಗುತ್ತದೆ?" ಉತ್ತರ ಮೈನಸ್ 2ರಿಂದ ಪ್ಲಸ್ 2ರವರೆಗೆ: ಮೈನಸ್ ಎಂದರೆ ಸಾಧ್ಯತೆ ಕಡಿಮೆಯಾಯಿತು, ಪ್ಲಸ್ ಎಂದರೆ ಹೆಚ್ಚಾಯಿತು, ಸೊನ್ನೆ ಎಂದರೆ ಬದಲಾಗಲಿಲ್ಲ. ಅನುಭವಿ ವೈದ್ಯರ ತಂಡವೊಂದು ಮೊದಲೇ ಇದಕ್ಕೆ ಉತ್ತರಿಸಿರುತ್ತದೆ, ಅವರಲ್ಲಿ ಎಷ್ಟು ಜನ ಯಾವುದನ್ನು ಆರಿಸಿದರು ಎಂಬುದರ ಮೇಲೆ ಅಂಕ. ಎಸ್ಕಾರ್ ಇಲ್ಲದೆಯೂ ಸ್ಕ್ರಬ್ ಟೈಫಸ್ ಇರಬಹುದಾದ್ದರಿಂದ ಇಲ್ಲಿ ಸೊನ್ನೆ ಎಂದವರೂ ಮೈನಸ್ 1 ಎಂದವರೂ ಅಂಕ ಪಡೆಯುತ್ತಾರೆ. ಮೈನಸ್ 2 ಎಂದು ರೋಗವನ್ನೇ ಕೈಬಿಟ್ಟವರ ಜೊತೆ ಮಾತನಾಡಬೇಕಾಗುತ್ತದೆ. ತಂಡಕ್ಕೆ ಹತ್ತು ಹದಿನೈದು ವೈದ್ಯರು ಬೇಕು. ಅಷ್ಟು ಜನ ಸಿಗದಿದ್ದರೆ ಅಂಕ ಬಿಟ್ಟುಬಿಡಿ, ಪ್ರಶ್ನೆಯನ್ನು ಚರ್ಚೆಗೆ ಮಾತ್ರ ಬಳಸಿ.

ಹೆಜ್ಜೆ 10: ದೂರದಿಂದ ಆಗದ್ದು

ಊದಿದ ಗುಲ್ಮ (ಸ್ಪ್ಲೀನ್) ಕೈಗೆ ಸಿಗುವುದು, ಕುತ್ತಿಗೆಯ ಬಿಗಿತ, ಕೀಟನಾಶಕ ಕುಡಿದವರ ಉಸಿರಿನ ಬೆಳ್ಳುಳ್ಳಿಯಂಥ ವಾಸನೆ: ಇವನ್ನು ಯಾವ ಸಂದೇಶವೂ ಕಲಿಸುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ಜಿಲ್ಲಾ ಆಸ್ಪತ್ರೆಗೆ ಬರಲಿ, ಇಲ್ಲವೇ ನೀವೇ ಅವರ ಕೇಂದ್ರಕ್ಕೆ ಹೋಗಿ. ಹೋದಾಗ ಪಾಠ ಮಾಡಬೇಡಿ. ಆ ತಿಂಗಳ ಕೇಸುಗಳಲ್ಲಿ ಬಂದ ಚಿಹ್ನೆಗಳನ್ನು ರೋಗಿಯ ಹಾಸಿಗೆಯ ಬಳಿ ಕೈಯಿಂದ ಮಾಡಿಸಿ.

ಹೆಜ್ಜೆ 11: ಮುಂದೇನಾಯಿತು ಎಂದು ತಿಳಿಯುವುದು

ತಾಲೂಕಿನಿಂದ ಹಾಸನಕ್ಕೋ ಮಂಗಳೂರಿಗೋ ಕಳುಹಿಸಿದ ರೋಗಿಗೆ ಆಮೇಲೆ ಏನಾಯಿತು ಎನ್ನುವುದು ಕಳುಹಿಸಿದವರಿಗೆ ಗೊತ್ತಾಗುವುದೇ ಇಲ್ಲ. ತಮ್ಮ ಅಂದಾಜು ಸರಿಯೋ ತಪ್ಪೋ ತಿಳಿಯದೆ ಹತ್ತು ವರ್ಷ ಕೆಲಸ ಮಾಡಿದರೂ ಆ ಅನುಭವ ಕಲಿಕೆಯಾಗುವುದಿಲ್ಲ. ಪ್ರತಿಯೊಬ್ಬರೂ ನೂರು ಪುಟದ ನೋಟ್‌ಪುಸ್ತಕವೊಂದನ್ನು ಇಡಲಿ. ಎಡಗಡೆ: ದಿನಾಂಕ, ಒಂದು ವಾಕ್ಯದ ಸಾರ, ನನ್ನ ಮೂರು ಸಾಧ್ಯತೆ, ಖಚಿತತೆ. ಬಲಗಡೆ ಖಾಲಿ. ಹದಿನೈದು ದಿನ ಬಿಟ್ಟು ರೋಗಿಯ ಮನೆಯವರಿಗೋ ದೊಡ್ಡಾಸ್ಪತ್ರೆಯ ವಾರ್ಡಿಗೋ ಫೋನ್ ಮಾಡಿ ಬಲಗಡೆ ತುಂಬಬೇಕು. ಹೆಸರು ಬರೆಯಬಾರದು.

ಆ ಸಕಲೇಶಪುರದ ಹುಡುಗಿ ಹೋದ ವರ್ಷ ತನ್ನ ಪುಸ್ತಕ ತೋರಿಸಿದಳು. ಒಂದು ಪುಟದ ಎಡಗಡೆ "ಡೆಂಗಿ, 8/10" ಎಂದಿತ್ತು. ಬಲಗಡೆ ಬೇರೆ ಶಾಯಿಯಲ್ಲಿ "ಸ್ಕ್ರಬ್ ಟೈಫಸ್. ಹಕ್ಕಳೆ ಕಿವಿಯ ಹಿಂದೆ ಇತ್ತಂತೆ. ಕೂದಲು ಸರಿಸಿ ನೋಡಿರಲಿಲ್ಲ." ಅದರ ಮುಂದಿನ ಹನ್ನೊಂದು ಜ್ವರದ ಕೇಸುಗಳಲ್ಲೂ ಎಡಗಡೆಯ ಮೊದಲ ಸಾಲು ಒಂದೇ ಆಗಿತ್ತು: "ಕಿವಿಯ ಹಿಂದೆ ನೋಡಿದೆ."